ಬೆಂಗೇರಿಯ ಖಾದಿ ಧ್ವಜ: ಕಾರ್ಖಾನೆ, ಕಚೇರಿಗೆ ಕೊಳ್ಳುವವರು ನೋಡಬೇಕಾದದ್ದು

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ತಯಾರಿಸುವ ರಾಷ್ಟ್ರಧ್ವಜಕ್ಕೆ ವಿಮರ್ಶೆ ಬೇಕಾಗುತ್ತದೆ ಎಂದು ಕೆಲವು ವರ್ಷಗಳ ಹಿಂದೆ ಯಾರಿಗೂ ಅನಿಸಿರಲಿಕ್ಕಿಲ್ಲ. ಧ್ವಜ ಎಂದರೆ ಕೈಯಿಂದ ನೂತು, ಕೈಮಗ್ಗದಲ್ಲಿ ನೇಯ್ದ ಬಟ್ಟೆ ಎಂದೇ ಭಾರತದ ಧ್ವಜ ಸಂಹಿತೆ ಹೇಳುತ್ತಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಒಪ್ಪಿಗೆ ಕೊಟ್ಟಿತು. ಮರುವರ್ಷ ಜುಲೈನಲ್ಲಿ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಒಂದು ಸುತ್ತೋಲೆ ಹೊರಡಿಸಿ, ‘ಹರ್ ಘರ್ ತಿರಂಗಾ’ಕ್ಕಾಗಿ ಧ್ವಜಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡಿಸಿ ಹಂಚುವ ಖರ್ಚನ್ನು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಜವಾಬ್ದಾರಿ) ಲೆಕ್ಕಕ್ಕೆ ಹಾಕಬಹುದು ಎಂದಿತು. ಹೀಗೆ ಸಾಮಾಜಿಕ ಜವಾಬ್ದಾರಿಗೆಂದು ತೆಗೆದಿಟ್ಟ ಹಣದಲ್ಲೇ ಪ್ಲಾಸ್ಟಿಕ್ ಎಳೆಯ ಧ್ವಜ ಕೊಳ್ಳಲು ದಾರಿಯಾಯಿತು. ಖರೀದಿ ವಿಭಾಗದವರು ಈಗ ಕೇಳುವ ಪ್ರಶ್ನೆ ನೇರವಾಗಿದೆ: ಖಾದಿಗೆ ಹೆಚ್ಚು ದುಡ್ಡು ಯಾಕೆ ಕೊಡಬೇಕು?

ಮೊದಲು ವಸ್ತುವನ್ನೇ ನೋಡೋಣ. ಅಳತೆಯ ಆಧಾರ ‘ಐಎಸ್ 1’. ಭಾರತದ ಮಾನಕಗಳಲ್ಲೇ ಮೊದಲ ಸಂಖ್ಯೆ ಧ್ವಜದ್ದು. ಈಗಿನ ಪರಿಷ್ಕೃತ ರೂಪ 1968ರದ್ದು. ಒಂಬತ್ತು ಅಳತೆಗಳಿವೆ. 6300×4200 ಮಿ.ಮೀ. ಎಲ್ಲಕ್ಕಿಂತ ದೊಡ್ಡದು, 150×100 ಮೇಜಿನ ಮೇಲಿಡುವುದು, 225×150 ಕಾರಿನದು. ಕಾರ್ಖಾನೆ, ಬ್ಯಾಂಕ್ ಶಾಖೆ, ಶಾಲೆಗಳಿಗೆ ಬೇಕಾಗುವುದು ನಡುವಿನ ಮೂರು: 900×600, 1350×900, 1800×1200. ಇವುಗಳಲ್ಲಿ ಚಕ್ರದ ವ್ಯಾಸ ಕ್ರಮವಾಗಿ 185, 280 ಮತ್ತು 370 ಮಿ.ಮೀ. ಇರಬೇಕು. ಒಂದೊಂದು ಪಟ್ಟಿಯ ಅಗಲ 200, 300, 400 ಆಗುವುದರಿಂದ ಚಕ್ರ ಬಿಳಿ ಪಟ್ಟಿಯನ್ನು ಬಹುಪಾಲು ತುಂಬುತ್ತದೆ, ಆದರೆ ಕೇಸರಿ ಹಸಿರುಗಳನ್ನು ಮುಟ್ಟುವುದಿಲ್ಲ.

ಧ್ವಜ ಕೈಗೆ ಬಂದ ಕೂಡಲೇ ಟೇಪು ಹಿಡಿಯಿರಿ. ಉದ್ದದ ಎರಡರಷ್ಟು ಅಗಲದ ಮೂರರಷ್ಟಕ್ಕೆ ಸಮ ಇರಬೇಕು. ಪೇಟೆಯ ಅಗ್ಗದ ಧ್ವಜಗಳು ಮೊದಲು ಸೋಲುವುದು ಇಲ್ಲೇ, ಯಾಕೆಂದರೆ ಥಾನಿನ ಅಗಲದಲ್ಲಿ ಬಟ್ಟೆ ಉಳಿಸಲು ಕತ್ತರಿಸುವಾಗ 3:2 ತಪ್ಪುತ್ತದೆ. ಮೂರು ಪಟ್ಟಿಗಳನ್ನೂ ಬೇರೆ ಬೇರೆ ಅಳೆಯಿರಿ, ಹಸಿರು ಪಟ್ಟಿ ಅಂಚಿನ ಹೊಲಿಗೆಯಲ್ಲಿ ಕಿರಿದಾಗಿರುವುದುಂಟು. ಚಕ್ರವನ್ನು ಅಡ್ಡಕ್ಕೂ ಉದ್ದಕ್ಕೂ ಅಳೆಯಿರಿ. ಎರಡೂ ಒಂದೇ ಬರದಿದ್ದರೆ ಮುದ್ರಿಸುವಾಗ ಬಟ್ಟೆ ಎಳೆದಿದೆ ಎಂದರ್ಥ. ಅರಗಳು 24 ಇವೆಯೇ ಎಣಿಸಿ. ಕೊನೆಗೆ ಬೆಳಕಿಗೆ ಹಿಡಿಯಿರಿ. ಚಕ್ರ ಎರಡೂ ಬದಿಗೆ ಕಾಣಬೇಕೆಂಬುದು ನಿಯಮ. ಎರಡು ಬದಿಯಿಂದ ಮುದ್ರಿಸಿದಾಗ ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ ಅರಗಳು ಜೋಡಿ ಜೋಡಿಯಾಗಿ ಕಾಣುತ್ತವೆ. ಈ ಒಂದು ಪರೀಕ್ಷೆಯಲ್ಲಿ ಮುದ್ರಣದವರ ಕೈ ಎಂಥದ್ದೆಂದು ತಿಳಿದುಬಿಡುತ್ತದೆ.

ಬೆಂಗೇರಿಯ ಕೆಲಸದ ಗಟ್ಟಿತನ ಇರುವುದು ಈ ಅಳತೆಗಳಲ್ಲಿ. ಸಂಘ ಶುರುವಾದದ್ದು 1957ರ ನವೆಂಬರ್ 1ರಂದು, ಧ್ವಜಕ್ಕೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮುದ್ರೆ ಸಿಕ್ಕಿದ್ದು 2006ರಲ್ಲಿ. ನೂಲು, ನೇಯ್ಗೆ, ಬ್ಲೀಚಿಂಗ್ ಮತ್ತು ಬಣ್ಣ, ಚಕ್ರದ ಮುದ್ರಣ, ಹೊಲಿಗೆ, ಕೊನೆಗೆ ಹಗ್ಗ ಮತ್ತು ಅದಕ್ಕೆ ಸಿಕ್ಕಿಸುವ ಮರದ ಗೂಟ ಅಂದರೆ ಟಾಗಲ್ ಜೋಡಣೆ ಎಂದು ಆರು ಹಂತ. ನೇಯ್ಗೆಯ ಬೇರು ಬಾಗಲಕೋಟೆ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿದೆ. ಧಾರವಾಡ ತಾಲ್ಲೂಕಿನ ಗರಗ ಧ್ವಜದ ಬಟ್ಟೆಗೆ ಹಳೆಯ ಹೆಸರು. ಹಾರುವ ಭಾಗಕ್ಕೆ ತೆಳು ಬಟ್ಟೆ, ಕಂಬದ ಬದಿಯ ಪಟ್ಟಿಗೆ ‘ಡಕ್’ ಎಂಬ ದಪ್ಪ ಖಾದಿ. ಗಾಳಿಯ ಎಳೆತವೆಲ್ಲ ಬೀಳುವುದು ಆ ಪಟ್ಟಿಯ ಮೇಲೆ. ಕೊಳ್ಳುವಾಗ ಅಲ್ಲಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಎಲ್ಲೂ ಸಡಿಲ ಇರಬಾರದು.

‘ಖಾದಿ’ ಎಂದು ಹೇಳಿ ಬೇರೇನೋ ಮಾರುವವರಿದ್ದಾರೆ. ಒಂದು ಹನಿ ನೀರು ಮೂಲೆಗೆ ಬಿಡಿ: ಹತ್ತಿ ಹೀರಿಕೊಳ್ಳುತ್ತದೆ, ಪಾಲಿಯೆಸ್ಟರಿನ ಮೇಲೆ ಹನಿ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತದೆ. ಗಿರಣಿಯ ಹತ್ತಿಯನ್ನು ಗುರುತಿಸಲು ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ) ಎರಡನ್ನೂ ಹತ್ತಿರದಿಂದ ನೋಡಬೇಕು. ಕೈನೂಲಿನ ಎಳೆ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳು. ಎಲ್ಲ ಎಳೆಯೂ ಒಂದೇ ಸಮ ಇದ್ದರೆ ಅದು ಗಿರಣಿಯದು. ಬಿಐಎಸ್ ಮುದ್ರೆ ಇದೆಯೇ ಎಂಬುದನ್ನೂ ಬಿಲ್ ಕಟ್ಟುವ ಮೊದಲೇ ನೋಡಿಕೊಳ್ಳಿ.

ಇನ್ನು ಖಾದಿಯ ಕೊರತೆಗಳು. ಅವನ್ನು ಮುಚ್ಚಿಟ್ಟು ಹೊಗಳಿದರೆ ಈ ಧ್ವಜಕ್ಕೇ ಅನ್ಯಾಯ. ಇದು ಮಳೆ ಹೀರುತ್ತದೆ. ಒದ್ದೆಯಾದರೆ ಭಾರವಾಗಿ ಕಂಬಕ್ಕೆ ಅಂಟಿಕೊಳ್ಳುತ್ತದೆ, ಒಣಗಲು ಹೊತ್ತು ಹಿಡಿಯುತ್ತದೆ. ಧಾರವಾಡದ ಜುಲೈ ಮಳೆಯಲ್ಲಿ ಅರೆಹಸಿಯಾಗಿ ಮಡಚಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ. ಗಾಳಿಗೆ ಮೊದಲು ಜೀರ್ಣವಾಗುವುದು ಹಾರುವ ತುದಿ. ಅಲ್ಲಿ ಎಳೆ ಬಿಟ್ಟಾಗ ಕತ್ತರಿಸಿ ಮತ್ತೆ ಅಂಚು ಹೊಲಿಸುವ ರೂಢಿ ಹಲವು ಕಚೇರಿಗಳಲ್ಲಿದೆ. ಅದು ತಪ್ಪು, ಉದ್ದ ಕಡಿಮೆಯಾದ ಕೂಡಲೇ 3:2 ಹೋಗುತ್ತದೆ. ಹರಿದ ಧ್ವಜವನ್ನು ಹಾರಿಸುವಂತಿಲ್ಲ ಎಂದು ಸಂಹಿತೆಯೇ ಹೇಳುವುದರಿಂದ ಹೊಸದನ್ನು ತರುವುದೊಂದೇ ದಾರಿ. 2022ರ ಜುಲೈ ತಿದ್ದುಪಡಿಯ ನಂತರ ಹಗಲು ರಾತ್ರಿ ಹಾರಿಸಲು ಅವಕಾಶವಿದೆ. ಹಾಗೆ ಹಾರಿಸುವವರು ಎರಡು ಧ್ವಜ ಕೊಂಡು ಒಂದಾದ ಮೇಲೊಂದು ಬಳಸಬೇಕು. ಇಳಿಸಿದ್ದನ್ನು ನೆರಳಲ್ಲಿ, ಹರವಿ, ಪೂರ್ತಿ ಒಣಗಿಸಿ ಇಡಬೇಕು. ನೂರು ಅಡಿಯ ಕಂಬಕ್ಕೆ ಖಾದಿಯನ್ನು ನಾವು ಶಿಫಾರಸು ಮಾಡುವುದಿಲ್ಲ. ಆ ಎತ್ತರದ ಗಾಳಿಗೆ ಒದ್ದೆ ಖಾದಿಯ ಭಾರ ತಡೆಯುವುದಿಲ್ಲ.

ಬೆಲೆಯ ವಿಷಯ. ಖಾದಿ ಧ್ವಜ ಪಾಲಿಯೆಸ್ಟರಿಗಿಂತ ಹಲವು ಪಟ್ಟು ತುಟ್ಟಿ. ಜಿಎಸ್‌ಟಿ ಎರಡಕ್ಕೂ ಇಲ್ಲ, ಹಾಗಾಗಿ ವ್ಯತ್ಯಾಸ ತೆರಿಗೆಯದಲ್ಲ, ಕೂಲಿಯದು. ಚರಕದಲ್ಲಿ ನೂಲುವವರಿಗೆ ಸಾವಿರ ಮೀಟರಿನ ಒಂದು ಲಡಿಗೆ 10 ರೂಪಾಯಿ ಇದ್ದದ್ದು 2024ರ ಅಕ್ಟೋಬರ್ 2ರಿಂದ 12.50 ಆಯಿತು, 2025ರ ಏಪ್ರಿಲ್‌ನಿಂದ 15. ಅತ್ತ 2022ರಲ್ಲಿ ಅಂಚೆ ಕಚೇರಿಗಳಲ್ಲಿ 20×30 ಇಂಚಿನ ಸಿದ್ಧ ಧ್ವಜದ ಬೆಲೆಯೇ 25 ರೂಪಾಯಿ ಇತ್ತು. ಎರಡು ಲಡಿ ನೂಲಿನ ಇಂದಿನ ಕೂಲಿಗೂ ಅದು ಸಾಲದು. ಇಷ್ಟು ಏರಿದ ಮೇಲೂ ನೂಲುವವರ ಕೂಲಿ ಸಾಕಷ್ಟಾಯಿತು ಎನ್ನಲು ಮನಸ್ಸು ಬರುವುದಿಲ್ಲ. ಕೊಡುವ ಹೆಚ್ಚಿನ ಹಣ ಹೋಗುವುದು ಹಳ್ಳಿಯ ಹೆಣ್ಣುಮಕ್ಕಳ ಈ ಕೈಕೆಲಸಕ್ಕೆ.

ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಖರೀದಿ ನೋಡಿಕೊಳ್ಳುವವರ ಬಾಯಲ್ಲಿ ಈಗ ಒಂದು ಮಾತಿದೆ: ‘ಹೊರದೇಶದ ದೊಡ್ಡವರೇ ಇದನ್ನೆಲ್ಲ ಬಿಟ್ಟಾರ, ನಮಗ್ಯಾಕ್ರೀ?’ ಪರಿಸರ, ಸಮಾಜದ ಜವಾಬ್ದಾರಿಯ ಮಾತುಗಳಿಂದ ಅವರು ಹಿಂದೆ ಸರಿದದ್ದು ನಿಜ. ಯೂನಿಲಿವರ್ ಹೊಸ ಪ್ಲಾಸ್ಟಿಕ್ ಬಳಕೆಯನ್ನು 2025ಕ್ಕೆ ಅರ್ಧಕ್ಕಿಳಿಸುವ ಮಾತನ್ನು 2024ರ ಏಪ್ರಿಲ್‌ನಲ್ಲಿ ಸಡಿಲಿಸಿ, 2026ಕ್ಕೆ ಶೇ 30 ಕಡಿತ ಎಂದಿತು. ಅಮೆರಿಕದ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ರಾಕ್, 2050ರೊಳಗೆ ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕಿಳಿಸಲು ಹೂಡಿಕೆ ಸಂಸ್ಥೆಗಳು ಕಟ್ಟಿಕೊಂಡ ನೆಟ್ ಜೀರೊ ಒಕ್ಕೂಟದಿಂದ 2025ರ ಜನವರಿಯಲ್ಲಿ ಹೊರಬಂತು. ಜವಾಬ್ದಾರಿಯ ಹೆಸರಲ್ಲಿ ವರ್ಣಮಯ ವರದಿಗಳು ಮಾತ್ರ ಹುಟ್ಟಿದವು ಎಂಬ ಟೀಕೆಯಲ್ಲಿ ಹುರುಳಿದೆ, ಅದನ್ನು ಒಪ್ಪುತ್ತೇವೆ. ಆದರೆ ಆ ಟೀಕೆ ಈ ಧ್ವಜಕ್ಕೆ ತಾಗುವುದಿಲ್ಲ. 2050ರ ಗುರಿಯನ್ನು ಯಾರೂ ಟೇಪು ಹಿಡಿದು ಅಳೆಯಲಾರರು. ಇಲ್ಲಿ ಎಳೆ ಕಣ್ಣೆದುರಿಗಿದೆ, ನೂತವರು ಪಕ್ಕದ ಜಿಲ್ಲೆಯಲ್ಲಿದ್ದಾರೆ. ಸಣ್ಣ ಉತ್ಪಾದಕರಿಂದ ಎಷ್ಟು ಕೊಂಡಿರಿ ಎಂದು ಷೇರುಪೇಟೆ ನಿಯಂತ್ರಕ ಸೆಬಿಯ ಬಿಆರ್‌ಎಸ್‌ಆರ್ ಎಂಬ ಜವಾಬ್ದಾರಿ ವರದಿಯ ನಮೂನೆಯೂ ದೊಡ್ಡ ಲಿಸ್ಟೆಡ್ ಕಂಪನಿಗಳನ್ನು ಕೇಳುತ್ತದೆ. ಸಿಎಸ್‌ಆರ್ ಹಣವೇ ಬೇಕೆಂದಿಲ್ಲ. ಕಂಬದ ಮೇಲಿನ ಒಂದು ಧ್ವಜಕ್ಕೆ ಕಚೇರಿಯ ಮಾಮೂಲಿ ಖರೀದಿಯ ಬಜೆಟ್ ಸಾಕು.

ಪಾಲಿಯೆಸ್ಟರಿನ ಅಸಲಿ ಖರ್ಚು ಕಾಣುವುದು ಕೊನೆಯಲ್ಲಿ. ಹಾಳಾದ ಧ್ವಜವನ್ನು ಯಾರ ಕಣ್ಣಿಗೂ ಬೀಳದಂತೆ, ಮರ್ಯಾದೆಯಿಂದ, ಸುಡುವುದು ಮೇಲು ಎನ್ನುತ್ತದೆ ಸಂಹಿತೆ. ಖಾದಿ ಪೂರ್ತಿ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ, ಕರಗಿ, ಕಪ್ಪು ಹೊಗೆ ಬಿಟ್ಟು ಗಟ್ಟಿ ಉಂಡೆಯಾಗಿ ಉಳಿಯುತ್ತದೆ. ಆ ಉಂಡೆಯನ್ನು ಏನು ಮಾಡಬೇಕೆಂಬುದಕ್ಕೆ ಮರ್ಯಾದೆಯ ಉತ್ತರ ಇಲ್ಲ. ಆಗಸ್ಟ್ 16ರಂದು ಕಸದ ಗಾಡಿಯಲ್ಲಿ ಧ್ವಜ ಸಿಕ್ಕರೆ ಹಂಚಿದ ಕಂಪನಿಯ ಹೆಸರೂ ಅದರ ಜೊತೆಗೇ ಹೋಗುತ್ತದೆ. ಸಾವಿರಗಟ್ಟಲೆ ಹಂಚುವ ಯೋಚನೆ ಇದ್ದವರು ಸಂಖ್ಯೆ ಇಳಿಸಿ, ಹಂಚಿದ್ದನ್ನು ವಾಪಸ್ ತೆಗೆದುಕೊಳ್ಳುವ ಒಂದು ಪೆಟ್ಟಿಗೆಯನ್ನು ಗೇಟಿನ ಬಳಿ ಇಡಲಿ.

ಬೇಡಿಕೆ ಸಲ್ಲಿಸುವವರಿಗೆ: ಕೈನೂಲಿನ ಕೆಲಸವನ್ನು ಆಗಸ್ಟಿನ ಮೊದಲ ವಾರ ಫೋನು ಮಾಡಿ ಅವಸರಿಸಲಾಗದು, ಮಳೆಗಾಲದಲ್ಲಿ ಬಣ್ಣ ಹಾಕಿದ ಬಟ್ಟೆ ಒಣಗುವುದೂ ನಿಧಾನ. ಸ್ವಾತಂತ್ರ್ಯ ದಿನಕ್ಕೆ ಬೇಕಾದುದನ್ನು ಮೇ ತಿಂಗಳಲ್ಲೇ, ಗಣರಾಜ್ಯೋತ್ಸವದ್ದನ್ನು ದೀಪಾವಳಿ ಸುತ್ತಮುತ್ತ ಬರೆದುಕೊಡಿ. ಅಳತೆಯನ್ನು ಮಿಲಿಮೀಟರಿನಲ್ಲೇ ಬರೆಯಿರಿ. ‘ಮೂರಡಿಯದು’, ‘ದೊಡ್ಡದು’ ಎಂದು ಬರೆದರೆ ಗೊಂದಲವಾಗುತ್ತದೆ.