ಟಿಬಿಲಿಸಿಗೆ ರಾತ್ರಿ ಹೊತ್ತು ಇಳಿಯುವವರು ದಯವಿಟ್ಟು ಓದಿ

ಗಲ್ಫ್‌ನಲ್ಲಿರುವ ನಮ್ಮವರು ಈದ್ ರಜೆ ಬಂತೆಂದರೆ ಜಾರ್ಜಿಯಾಕ್ಕೆ ಹೊರಡುವುದು ಈಗ ಜಾಸ್ತಿಯಾಗಿದೆ. ಮೂರು-ಮೂರೂವರೆ ಗಂಟೆಯ ವಿಮಾನ, ತಂಪು ಹವೆ, ಬೆಟ್ಟ, ಹಿಮ. ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನೂ ಕರೆದುಕೊಂಡು ಹೋಗುತ್ತಾರೆ. ನಾವೂ ಹಾಗೇ ಹೋದೆವು. ನಾನು, ನನ್ನ ಹೆಂಡತಿ, ಅಮ್ಮ. ರಾಜಧಾನಿ ಟಿಬಿಲಿಸಿಯಲ್ಲಿ ಮೊದಲ ರಾತ್ರಿಯೇ ನಮಗಾದದ್ದು ಇನ್ನೊಂದು ಕುಟುಂಬಕ್ಕೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಊರಿನ ಮೆಟ್ರೊ, ಬಸ್ಸು ಎರಡೂ ಚೆನ್ನಾಗಿವೆ, ತುಂಬಾ ಅಗ್ಗ. ತೊಂದರೆ ಅವುಗಳಲ್ಲಿಲ್ಲ. ಅವು ಇಲ್ಲದ ಹೊತ್ತಿನಲ್ಲಿ, ಅವು ಮುಗಿಯುವ ಜಾಗದಲ್ಲಿ ಬಂದು ನಿಲ್ಲುವ ಜನರಲ್ಲಿದೆ.

ಮೆಟ್ರೊ ಓಡುವುದು ಬೆಳಗ್ಗೆ 6ರಿಂದ ರಾತ್ರಿ 12ರ ತನಕ. ವಿಮಾನ ನಿಲ್ದಾಣದವರೆಗೆ ಅದು ಬರುವುದೂ ಇಲ್ಲ. ಊರು ಸುಮಾರು 17 ಕಿಲೋಮೀಟರ್ ದೂರ. ಅಗ್ಗದ ವಿಮಾನಗಳೋ, ಎಷ್ಟೋ ಬಾರಿ ನಡುರಾತ್ರಿ ಕಳೆದ ಮೇಲೆಯೇ ಇಳಿಯುತ್ತವೆ. ನಾವು ಹೊರಗೆ ಬಂದಾಗ ಮೂರು ಗಂಟೆ ದಾಟಿತ್ತು. ಬಾಗಿಲು ದಾಟುತ್ತಿದ್ದಂತೆ ಒಬ್ಬ ಎದುರಿಗೆ ಬಂದ. ಕುತ್ತಿಗೆಯಲ್ಲಿ ಐಡಿ ಕಾರ್ಡಿನ ಹಾಗೆ ಒಂದು ಕಾರ್ಡು, ಅದರ ಮೇಲೆ ಟ್ಯಾಕ್ಸಿ ಎಂದು ದೊಡ್ಡದಾಗಿ ಬರೆದಿತ್ತು. ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಆ್ಯಪ್ ಕಾರುಗಳನ್ನು ಒಳಗೆ ಬಿಡುವುದಿಲ್ಲ, ರಸ್ತೆ ತನಕ ನಡೆಯಬೇಕು, ಅಮ್ಮನವರಿಗೆ ಕಷ್ಟ ಅಲ್ವಾ ಎಂದ. ತನ್ನ ಫೋನ್ ತೆಗೆದು ಆ್ಯಪ್ ತರಹದ ಒಂದು ಪರದೆ ತೋರಿಸಿದ. ಹೋಟೆಲಿನ ವಿಳಾಸ, ಪಕ್ಕದಲ್ಲಿ 50 ಎಂಬ ಅಂಕಿ. ಲಾರಿಯಾ ಅಂತ ನಾನು ಕೇಳಿದೆ. ಹೌದು ಹೌದು ಅಂತ ತಲೆಯಾಡಿಸಿದ. ಲಾರಿ ಅಂದರೆ ಅಲ್ಲಿಯ ಹಣ, ಒಂದಕ್ಕೆ ನಮ್ಮ 30 ರೂಪಾಯಿಯ ಆಸುಪಾಸು.

ಕಾರು ಓಡಿಸಿದವನು ಅವನಲ್ಲ, ಬೇರೊಬ್ಬ. ಈ ಅದಲು ಬದಲು ಅವರ ಲೆಕ್ಕಾಚಾರದ ಭಾಗ ಅಂತ ಆಮೇಲೆ ಗೊತ್ತಾಯಿತು. ಬೆಲೆ ಹೇಳಿದವನು ಕಾರಿನಲ್ಲಿ ಇರುವುದಿಲ್ಲ. ಕಾರಿನಲ್ಲಿರುವವನಿಗೆ ಬೆಲೆ ಗೊತ್ತಿರುವುದಿಲ್ಲ. ಕಾರು ಜಪಾನಿನಿಂದ ತಂದ ಹಳೆಯದು, ಕಡು ಬಣ್ಣದ್ದು, ಸ್ಟೀರಿಂಗ್ ನಮ್ಮ ಕಡೆಯ ಹಾಗೆ ಬಲಕ್ಕೆ. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ. ಅಂದರೆ ಓವರ್‌ಟೇಕ್ ಮಾಡುವಾಗ ಡ್ರೈವರ್‌ಗೆ ಎದುರಿನ ಗಾಡಿ ಕಾಣುವುದೇ ಇಲ್ಲ. ಮುಂದಿನ ಬಂಪರ್ ಪೂರ್ತಿ ಇರಲಿಲ್ಲ. ಗಾಜಿನಲ್ಲಿ ಈ ಕಡೆಯಿಂದ ಆ ಕಡೆಗೆ ಬಿರುಕು. ಹಿಂದಿನ ಸೀಟಿನಲ್ಲಿ ಬೆಲ್ಟ್ ಸಿಗಲಿಲ್ಲ. ವಿಮಾನ ನಿಲ್ದಾಣದ ರಸ್ತೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಹೆಸರಿಟ್ಟಿದ್ದಾರೆ. ಅಗಲವಾದ, ಖಾಲಿ ರಸ್ತೆ. ಅದರಲ್ಲಿ ಅವನು ಓಡಿಸಿದ ವೇಗಕ್ಕೆ ಅಮ್ಮ ನನ್ನ ಕೈ ಹಿಡಿದವರು ಬಿಡಲೇ ಇಲ್ಲ.

ಊರೊಳಗೆ ಬಂದ ಮೇಲೆ ಹೋಟೆಲಿನ ಬಾಗಿಲಿಗೆ ಹೋಗಲಿಲ್ಲ. ಅವ್ಲಬಾರಿ ಕಡೆಯ ಒಂದು ಕತ್ತಲೆ ಗಲ್ಲಿಯಲ್ಲಿ ನಿಲ್ಲಿಸಿ, ಇಷ್ಟೇ, ಮುಂದೆ ಕಾರು ಹೋಗುವುದಿಲ್ಲ ಎಂದ. 50 ಲಾರಿ ಕೊಟ್ಟೆ. ನೋಟನ್ನು ನೋಡಿ ತಲೆ ಅಲ್ಲಾಡಿಸಿದ. 50 ಒಬ್ಬರಿಗೆ, ಮೂರು ಜನಕ್ಕೆ 150, ಅದೂ ಲಾರಿಯಲ್ಲ, ಡಾಲರ್! ನಾನು ವಾದಕ್ಕೆ ಇಳಿದೆ. ಅವನು ಇಳಿಯಲೂ ಇಲ್ಲ, ಡಿಕ್ಕಿ ತೆಗೆಯಲೂ ಇಲ್ಲ. ಸುಮ್ಮನೆ ಸಿಗರೇಟು ಹಚ್ಚಿ ಕೂತ. ನಮ್ಮ ಲಗೇಜೆಲ್ಲಾ ಒಳಗೆ. ಅಮ್ಮನ ಇನ್ಸುಲಿನ್ ಕೂಡ ಅದರಲ್ಲೇ. ವಿಮಾನದಿಂದ ಇಳಿಯುವ ತನಕ ಆ ಚಿಕ್ಕ ಬ್ಯಾಗು ಅಮ್ಮನ ಮಡಿಲಲ್ಲೇ ಇತ್ತು. ಕಾರು ಹತ್ತುವಾಗ ಆ ಕಾರ್ಡಿನವನೇ ಸಹಾಯ ಮಾಡುವವನ ಹಾಗೆ ಅದನ್ನು ಕೈಯಿಂದ ಇಸಿದುಕೊಂಡು ಡಿಕ್ಕಿಗೆ ಹಾಕಿದ್ದ.

ನನ್ನ ಹೆಂಡತಿ ಮಾತಾಡದೆ ಕೆಳಗಿಳಿದು ನಂಬರ್ ಪ್ಲೇಟಿನ ಫೋಟೊ ತೆಗೆದಳು. ಆಮೇಲೆ ಅವನಿಗೆ ಕೇಳುವ ಹಾಗೆ 112ಕ್ಕೆ ಫೋನ್ ಮಾಡಿದಳು. ಪೊಲೀಸ್, ಆಂಬುಲೆನ್ಸ್, ಬೆಂಕಿ, ಎಲ್ಲಕ್ಕೂ ಅಲ್ಲಿ ಅದೊಂದೇ ನಂಬರು. ಆ ಕಡೆಯವರು ಇಂಗ್ಲಿಷ್‌ನಲ್ಲೇ ಮಾತಾಡಿದರು. ಇವಳ ಬಾಯಿಂದ ಪೊಲೀಸ್ ಎಂಬ ಮಾತು ಬಿದ್ದಿದ್ದೇ ತಡ, ಅವನು ಎದ್ದ. ಡಿಕ್ಕಿ ತೆಗೆದು ಬ್ಯಾಗುಗಳನ್ನು ಕಲ್ಲುಹಾಸಿನ ಮೇಲೆ ಎಸೆದು, ನಾನು ಕೊಟ್ಟ 50ನ್ನು ಜೇಬಿಗಿಳಿಸಿ ಹೊರಟುಹೋದ. ಒಂದು ಸೂಟ್‌ಕೇಸಿನ ಚಕ್ರ ಮುರಿಯಿತು. ಇನ್ಸುಲಿನ್ ಒಡೆದಿರಲಿಲ್ಲ, ಅದೇ ದೊಡ್ಡದು. ಏರು ಗಲ್ಲಿಯಲ್ಲಿ ಅಮ್ಮನನ್ನು ಹಿಡಿದುಕೊಂಡು ನಡೆದು ಹೋಟೆಲ್ ಸೇರಿದೆವು.

ಪೊಲೀಸರಿಗೆ ಅವನು ಯಾಕೆ ಅಷ್ಟು ಹೆದರಿದ ಅಂತ ಬೆಳಗ್ಗೆ ಹೋಟೆಲಿನ ಹಿರಿಯರೊಬ್ಬರು ವಿವರಿಸಿದರು. ಲಂಚಕ್ಕೆ ಹೆಸರಾಗಿದ್ದ ಹಳೆಯ ಟ್ರಾಫಿಕ್ ಪೊಲೀಸ್ ಪಡೆಯನ್ನು 2004ರಲ್ಲಿ ಪೂರ್ತಿ ತೆಗೆದುಹಾಕಿ ಹೊಸಬರನ್ನು ಸೇರಿಸಿಕೊಂಡರಂತೆ. ಈಗಿನವರಿಗೆ ಕೈ ಬಿಸಿ ಮಾಡಿ ಜಾರಿಕೊಳ್ಳಲು ಆಗುವುದಿಲ್ಲ. ಆ್ಯಪ್‌ನಲ್ಲಿ ಕರೆದಿದ್ದರೆ ಅದೇ ದಾರಿಗೆ 25-30 ಲಾರಿ ಆಗುತ್ತಿತ್ತು ಅಂತಲೂ ಅವರೇ ಹೇಳಿದರು. ಬಾಗಿಲ ತನಕ ಬರುತ್ತಾರೆ, ಒಳಗೆ ಬಿಡುವುದಿಲ್ಲ ಅನ್ನುವುದು ಸುಳ್ಳು.

ಟ್ಯಾಕ್ಸಿಯವರ ಈ ಆಟದ ಹಿಂದೆ ಹಳೆಯ ಕಥೆಯೂ ಇದೆ. ಸೋವಿಯತ್ ಕಾಲದಲ್ಲಿ ಟಿಬಿಲಿಸಿಯಲ್ಲಿ ಟ್ರಾಮ್, ಟ್ರಾಲಿ ಬಸ್, ಮೆಟ್ರೊ ಮೂರೂ ಇದ್ದವು. 1966ರಲ್ಲಿ ಶುರುವಾದ ಆ ಮೆಟ್ರೊ ಮಾಸ್ಕೊ, ಲೆನಿನ್‌ಗ್ರಾಡ್, ಕೀವ್ ಬಿಟ್ಟರೆ ಸೋವಿಯತ್ ದೇಶದಲ್ಲಿ ನಾಲ್ಕನೆಯದು. ಒಕ್ಕೂಟ ಒಡೆದ ಮೇಲೆ ಕರೆಂಟಿಗೂ ದುಡ್ಡಿಗೂ ಬರ ಬಂತು. 2006ರಲ್ಲಿ ಟ್ರಾಮ್, ಟ್ರಾಲಿ ಬಸ್ ಎರಡೂ ನಿಂತುಹೋದವು. ಆ ಖಾಲಿ ಜಾಗವನ್ನು ಮಾರ್ಷ್ರುಟ್ಕಾ ಎಂಬ ವ್ಯಾನುಗಳೂ ಟ್ಯಾಕ್ಸಿಗಳೂ ತುಂಬಿದವು. ಎಷ್ಟೋ ವರ್ಷ ಕಾರು ಇದ್ದವರೆಲ್ಲಾ ಟ್ಯಾಕ್ಸಿಯವರೇ, ಲೈಸೆನ್ಸಿಲ್ಲ, ಮೀಟರಿಲ್ಲ. 2018ರಲ್ಲಿ ಮತ್ತೆ ಪರ್ಮಿಟ್ ಕಡ್ಡಾಯ ಮಾಡಿದರು. ಬೀದಿಯಲ್ಲಿ ಕೈ ತೋರಿಸಿ ಹತ್ತುವ ಪರ್ಮಿಟ್ ಟ್ಯಾಕ್ಸಿ ಬಿಳಿ ಬಣ್ಣದ್ದಿರಬೇಕು, ಸ್ಟೀರಿಂಗ್ ಎಡಕ್ಕಿರಬೇಕು ಅಂತಲೂ ಬಂತು. ಅದಕ್ಕೇ ಹೇಳುತ್ತಿದ್ದೇನೆ, ಯಾರಾದರೂ ಟ್ಯಾಕ್ಸಿ ಅಂತ ಕರೆದು ಬಲಗಡೆ ಸ್ಟೀರಿಂಗಿನ ಕಪ್ಪು ಕಾರಿನ ಹತ್ತಿರ ಕರೆದೊಯ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ರಾತ್ರಿ ಇಳಿದರೆ ಟರ್ಮಿನಲ್ ಒಳಗಿನಿಂದಲೇ ನಿಮ್ಮ ಫೋನಿನಲ್ಲಿ, ನಿಮ್ಮ ಕೈಯಿಂದ ಕಾರು ಕರೆಯಿರಿ. ಅಲ್ಲಿ ಬೋಲ್ಟ್, ಯಾಂಡೆಕ್ಸ್ ಎರಡೂ ನಡೆಯುತ್ತವೆ. ಆ್ಯಪ್ ಹಾಕಿಕೊಂಡು ಕಾರ್ಡು ಸೇರಿಸುವ ಕೆಲಸ ಮನೆಯಲ್ಲೇ ಮುಗಿಸಿ, ಒಟಿಪಿ ಅಲ್ಲಿಗೆ ಬರದೆ ಒದ್ದಾಡುವವರನ್ನು ನೋಡಿದ್ದೇನೆ. ಬಂದ ಕಾರಿನ ನಂಬರು ತಾಳೆ ನೋಡಿ ಹತ್ತಿ. ಔಷಧಿ, ಪಾಸ್‌ಪೋರ್ಟ್ ಇರುವ ಬ್ಯಾಗು ಮಾತ್ರ ಯಾವ ಕಾರಣಕ್ಕೂ ಡಿಕ್ಕಿಗೆ ಹೋಗಬಾರದು. ಹಗಲು ಇಳಿಯುವವರಿಗೆ 337 ನಂಬರಿನ ಬಸ್ಸಿದೆ. ವಿಮಾನ ನಿಲ್ದಾಣದಿಂದ ಹೊರಟು ರುಸ್ತಾವೆಲಿ ರಸ್ತೆಯ ಮೇಲೆ ಹಾದು ರೈಲ್ವೆ ಸ್ಟೇಷನ್ ತನಕ ಹೋಗುತ್ತದೆ. ಕಾರು ಕೇಳುವ ಹಣದ ಮುಂದೆ ಅದರ ಟಿಕೆಟ್ ಏನೇನೂ ಅಲ್ಲ.

ಉಳಿದ ದಿನ ನಾವು ಓಡಾಡಿದ್ದೆಲ್ಲಾ ಮೆಟ್ರೊ, ಬಸ್ಸಿನಲ್ಲೇ. ಮೆಟ್ರೊ ಸ್ಟೇಷನ್ನಿನ ಕೌಂಟರಿನಲ್ಲಿ ಮೆಟ್ರೊಮನಿ ಎಂಬ ಕಾರ್ಡು ಸಿಗುತ್ತದೆ, ಕಾರ್ಡಿಗೆ 2 ಲಾರಿ. 2022ರಿಂದ ಟಿಕೆಟ್ 1 ಲಾರಿ. ಒಮ್ಮೆ ಒತ್ತಿದರೆ 90 ನಿಮಿಷದೊಳಗೆ ಬಸ್ಸೋ ಮೆಟ್ರೊವೋ ಬದಲಿಸಿದರೂ ಮತ್ತೆ ದುಡ್ಡಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಮಾಡಿಸಿ. ಬಸ್ಸಿನಲ್ಲಿ ಕಂಡಕ್ಟರ್ ಇರುವುದಿಲ್ಲ, ಹತ್ತಿದ ಕೂಡಲೇ ಯಂತ್ರಕ್ಕೆ ಕಾರ್ಡು ತೋರಿಸಬೇಕು. ಚೆಕಿಂಗ್‌ನವರು ಎಲ್ಲಿ ಬೇಕಾದರೂ ಹತ್ತುತ್ತಾರೆ, ಒತ್ತದವರಿಗೆ ದಂಡ ಖಚಿತ. ಪ್ರವಾಸಿ ಅಂತ ಬಿಡುವುದನ್ನು ನಾನಂತೂ ಕಾಣಲಿಲ್ಲ.

ಹಿರಿಯರು ಜೊತೆಗಿದ್ದರೆ ಎಸ್ಕಲೇಟರ್ ಬಗ್ಗೆ ಎಚ್ಚರ. ರುಸ್ತಾವೆಲಿ ಸ್ಟೇಷನ್ ಸುಮಾರು 60 ಮೀಟರ್ ಆಳದಲ್ಲಿದೆ. ಮೇಲೆ ನಿಂತು ನೋಡಿದರೆ ಕೊನೆ ಕಾಣುವುದಿಲ್ಲ. ಮೆಟ್ಟಿಲು ನಮ್ಮ ಮಾಲ್‌ಗಳಲ್ಲಿರುವುದಕ್ಕಿಂತ ತುಂಬಾ ಜೋರಾಗಿ ಓಡುತ್ತದೆ. ಅಮ್ಮ ಸೀರೆ ಉಟ್ಟಿದ್ದರು. ಕಾಲಿಡುವ ಹೊತ್ತಿಗೆ ನೆರಿಗೆಯ ಅಂಚು ಮೆಟ್ಟಿಲಿನ ಬಿರುಕಿಗೆ ಹೋಗಿಯೇಬಿಟ್ಟಿತ್ತು. ಹಿಂದಿದ್ದ ಒಬ್ಬ ಹೆಂಗಸು ಬಗ್ಗಿ ಎಳೆದು ಬಿಡಿಸಿದಳು. ಒಂದು ಕ್ಷಣ ತಡವಾಗಿದ್ದರೆ ಏನಾಗುತ್ತಿತ್ತೋ. ಹಳೆಯ ಆಳದ ಸ್ಟೇಷನ್ನುಗಳಲ್ಲಿ ಲಿಫ್ಟ್ ನಂಬಿಕೊಂಡು ಹೋಗಬೇಡಿ. ಮಂಡಿನೋವಿದ್ದವರಿಗೆ ಬಸ್ಸೇ ಒಳ್ಳೆಯದು. ಮೆಟ್ರೊಗೇ ಹೋಗುವುದಾದರೆ ಸೀರೆ ಬೇಡ, ಚೂಡಿದಾರ್ ಆಗಬಹುದು, ಕೈಪಟ್ಟಿ ಹಿಡಿದು ಬಲಕ್ಕೆ ನಿಲ್ಲಿ, ಎಡಗಡೆ ಓಡುವವರಿಗೆ ದಾರಿ. ಒಳಗಿನ ಜನ ಮಾತ್ರ ಬಂಗಾರ. ಅಮ್ಮ ಹತ್ತಿದರೆ ಸಾಕು, ಕಾಲೇಜು ಹುಡುಗರು ತಾವಾಗಿಯೇ ಎದ್ದು ಸೀಟು ಬಿಡುತ್ತಿದ್ದರು. ಒಂದು ಸಲವೂ ಕೇಳಬೇಕಾಗಲಿಲ್ಲ.

ಇನ್ನು ದಿದುಬೆ. ಕಜ್ಬೆಗಿ ಎಂಬ ಬೆಟ್ಟದ ಊರಿಗೆ ಮಾರ್ಷ್ರುಟ್ಕಾದಲ್ಲಿ ಹೋಗುವವರು ಈ ಮೆಟ್ರೊ ಸ್ಟೇಷನ್ನಿಗೆ ಬರಬೇಕು. ಮಾರ್ಷ್ರುಟ್ಕಾ ಹೊರಡುವುದು ಅದರ ಪಕ್ಕದ ಬಸ್ ನಿಲ್ದಾಣದಿಂದ. ನಡುವೆ ಇರುವುದು ಸ್ವಲ್ಪವೇ ದೂರ, ಆದರೆ ದುಡ್ಡು ಹೋಗುವುದೇ ಅಲ್ಲಿ. ಮೆಟ್ಟಿಲು ಹತ್ತಿ ಹೊರಗೆ ಬಂದರೆ ಮೆಜೆಸ್ಟಿಕ್‌ನಲ್ಲಿ ಆಟೊದವರು ಮುತ್ತಿಕೊಳ್ಳುವ ಹಾಗೆ ಮುತ್ತಿಕೊಳ್ಳುತ್ತಾರೆ. ಕಜ್ಬೆಗಿ, ಕಜ್ಬೆಗಿ! ಒಬ್ಬ ಮಾರ್ಷ್ರುಟ್ಕಾ ಹೊರಟುಹೋಯಿತು ಅನ್ನುತ್ತಾನೆ. ಇನ್ನೊಬ್ಬ ಇವತ್ತು ಇಲ್ಲವೇ ಇಲ್ಲ ಅನ್ನುತ್ತಾನೆ. ಮತ್ತೊಬ್ಬ ಬಂದು ಹಿಮ ಬಿದ್ದಿದೆ, ದೊಡ್ಡ ಗಾಡಿ ಬಿಡುತ್ತಿಲ್ಲ, ನನ್ನ ಕಾರು ಮಾತ್ರ ಹೋಗುತ್ತದೆ ಅನ್ನುತ್ತಾನೆ. ಮೂವರೂ ಬೇರೆ ಬೇರೆ ಕಾರಣ ಹೇಳಿದಾಗಲೇ ನನಗೆ ಅನುಮಾನ ಬಂತು.

ನಾವು ಕನ್ನಡದಲ್ಲಿ ಮಾತಾಡಿಕೊಳ್ಳುವುದನ್ನು ಕೇಳಿ ಒಬ್ಬ ಹುಡುಗ ಹತ್ತಿರ ಬಂದ. ದಾವಣಗೆರೆ ಕಡೆಯವನು, ಅಲ್ಲೇ ಮೆಡಿಕಲ್ ಓದುತ್ತಿದ್ದಾನೆ. ಟಿಬಿಲಿಸಿಯಲ್ಲಿ ನಮ್ಮ ದೇಶದ ಮೆಡಿಕಲ್ ವಿದ್ಯಾರ್ಥಿಗಳು ಸಾವಿರಗಟ್ಟಲೆ ಇದ್ದಾರೆ.

“ಅಣ್ಣಾ, ಅವ್ರ ಮಾತು ಕೇಳಬ್ಯಾಡ್ರಿ, ಸುಮ್ನೆ ಮುಂದ್ ನಡೀರಿ. ಎಲ್ಲಿಗೆ ಅಂತ ಕೇಳಿದ್ರೂ ಹೇಳಬ್ಯಾಡ್ರಿ. ಬರ್ರಿ ಅಮ್ಮಾ, ನಾ ತೋರಿಸ್ತೀನಿ” ಎಂದು ಅಮ್ಮನ ಕೈ ಹಿಡಿದುಕೊಂಡೇ ನಡೆದ.

ಅಂಗಡಿ ಸಾಲು ದಾಟಿ ಒಳಗೆ ಹೋದರೆ ಕಜ್ಬೆಗಿಯ ಬಿಳಿ ವ್ಯಾನು ಅರ್ಧ ತುಂಬಿ ನಿಂತಿತ್ತು. ಗಾಜಿನ ಹಿಂದೆ ಬೋರ್ಡು, ಮೇಲೆ ಜಾರ್ಜಿಯನ್, ಕೆಳಗೆ ಇಂಗ್ಲಿಷ್. ತಲೆಗೆ 20 ಲಾರಿ ಕೊಟ್ಟೆವು. ಹೊರಗೆ ಅದೇ ದಾರಿಗೆ ಕಾರಿನವರು ಕೇಳಿದ್ದು 300. ವ್ಯಾನು ತುಂಬಿದ ಮೇಲೆಯೇ ಹೊರಡುತ್ತದೆ. ಬೆಳಗ್ಗೆ ಬೇಗ ಹೋದರೆ ಬೇಗ ತುಂಬುತ್ತದೆ. ಶೇರ್ ಟ್ಯಾಕ್ಸಿಯೇ ಬೇಕು ಅನ್ನುವವರು ಒಟ್ಟು ಎಷ್ಟು, ಯಾವ ಹಣ, ಎಲ್ಲೆಲ್ಲಿ ನಿಲ್ಲಿಸುತ್ತಾರೆ, ಎಲ್ಲವನ್ನೂ ಡ್ರೈವರ್ ಕೈಯಲ್ಲೇ ನಿಮ್ಮ ಫೋನಿನಲ್ಲಿ ಬರೆಸಿಕೊಳ್ಳಿ. ಕರೆತಂದವನ ಕೈಯಲ್ಲಿ ಬರೆಸಿದರೆ ಪ್ರಯೋಜನವಿಲ್ಲ. ಅರ್ಧ ಹಣವನ್ನೂ ಮುಂಚೆ ಕೊಡಬೇಡಿ.

ರಸ್ತೆ ಮುಚ್ಚಿದೆ ಅನ್ನುವ ಮಾತು ಯಾವಾಗಲೂ ಸುಳ್ಳೇ ಅಂತಲ್ಲ. ಆ ದಾರಿ ಸುಮಾರು 2,400 ಮೀಟರ್ ಎತ್ತರದ ಜ್ವಾರಿ ಕಣಿವೆದಾರಿಯ ಮೇಲೆ ಹೋಗುತ್ತದೆ. ಚಳಿಗಾಲದಲ್ಲಿ ಹಿಮ ಕುಸಿಯುವ ಭಯಕ್ಕೆ ನಿಜವಾಗಿಯೂ ಮುಚ್ಚುತ್ತಾರೆ. ರಷ್ಯಾಕ್ಕೆ ಹೋಗುವ ಟ್ರಕ್ಕುಗಳೆಲ್ಲಾ ಅದೇ ರಸ್ತೆ ಹಿಡಿಯುವುದರಿಂದ ಗಂಟೆಗಟ್ಟಲೆ ಸಾಲು ನಿಲ್ಲುವುದೂ ಇದೆ. ಹಿಂದಿನ ರಾತ್ರಿಯೇ ಹೋಟೆಲಿನವರನ್ನು ಕೇಳಿ, ಬೆಳಗ್ಗೆ ಮಾರ್ಷ್ರುಟ್ಕಾ ಡ್ರೈವರನ್ನು ಕೇಳಿ. ಅವನು ಹೊರಟರೆ ರಸ್ತೆ ಇದೆ ಅಂತಲೇ ಅರ್ಥ. ಕಜ್ಬೆಗಿಯಲ್ಲಿ ಇಳಿಯುವಾಗ ವಾಪಸ್ ಬರುವ ಕೊನೆಯ ಗಾಡಿ ಎಷ್ಟಕ್ಕೆ ಅಂತ ಅವನ ಹತ್ತಿರವೇ ಬರೆಸಿಕೊಳ್ಳಿ. ಅದು ತಪ್ಪಿದರೆ ಅಲ್ಲಿಯೂ ಇದೇ ಜನ ಕಾರು ನಿಲ್ಲಿಸಿಕೊಂಡು ಕಾಯುತ್ತಿರುತ್ತಾರೆ.