ಕೆಂಪುಕಲ್ಲಿನ ಮನೆಯಲ್ಲಿ ಟಿವಿ ಬಾಕ್ಸ್ ವೈಫೈ: ವರ್ಷ ದಾಟಿದ ಮೇಲಿನ ಅನುಭವ

ಟಿವಿ ಬಾಕ್ಸಿನಿಂದ ಮನೆಗೆಲ್ಲ ವೈಫೈ ಹರಡಬಹುದಾ? ಹರಡಬಹುದು. ಆದರೆ ಬಾಕ್ಸಿನವರೆಗೆ ವೈರ್ ಹೋಗಿರಬೇಕು, ಬಾಕ್ಸ್ ನಿಮ್ಮ ಸ್ವಂತದ್ದಾಗಿರಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಆ ದಾರಿಗೆ ಹೋಗಬೇಡಿ. ಹೋದ ವರ್ಷ ಮಳೆಗಾಲ ಶುರುವಾಗುವ ಮೊದಲು ನಾವು ಬ್ರಾಡ್‌ಬ್ಯಾಂಡ್ ಬದಲಾಯಿಸಿದೆವು. ಅಲ್ಲಿಂದ ಇವತ್ತಿನವರೆಗೆ ನಮ್ಮ ಮಹಡಿಯ ಇಂಟರ್ನೆಟ್ ಇಂಥ ಒಂದು ಬಾಕ್ಸಿನ ಮೇಲೆಯೇ ನಡೆಯುತ್ತಿದೆ.

ಮನೆ ಮಂಗಳೂರಿನ ಕುಲಶೇಖರದ ಕಡೆ. ಕೆಳಗೆ ಅಪ್ಪ ಕಟ್ಟಿಸಿದ ಹಳೆ ಮನೆ, ಕೆಂಪುಕಲ್ಲಿನ ದಪ್ಪ ಗೋಡೆ. ಅದರ ಮೇಲೆ ಸ್ಲ್ಯಾಬ್ ಹಾಕಿ ಆಮೇಲೆ ಎರಡು ಕೋಣೆ ಕಟ್ಟಿದ್ದು. ಹಿಂದಿನ ಅಡುಗೆಕೋಣೆಗೆ ಮಾತ್ರ ಈಗಲೂ ಹಂಚಿನ ಮಾಡು. ವೈಫೈಗೆ ಹಂಚು ಅಡ್ಡಿಯೇ ಅಲ್ಲ, ಅಡ್ಡಿ ಕೆಂಪುಕಲ್ಲು ಮತ್ತು ಕಬ್ಬಿಣ ತುಂಬಿದ ಸ್ಲ್ಯಾಬ್. ವೈಫೈ ಸಿಗ್ನಲ್ ಮುಖ್ಯವಾಗಿ ಎರಡು ಬಗೆ, 5 ಮತ್ತು 2.4 ಗಿಗಾಹರ್ಟ್ಸ್. 5 ಗಿಗಾಹರ್ಟ್ಸ್ ಸಿಗ್ನಲ್ ವೇಗ ಜಾಸ್ತಿ ಕೊಡುತ್ತದೆ, ಆದರೆ ನಮ್ಮಲ್ಲಿ ಒಂದು ಗೋಡೆ ದಾಟುವಾಗಲೇ ಸೋತುಹೋಗುತ್ತದೆ. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ, ಆದರೆ ಅಲ್ಲಿ ಅಕ್ಕಪಕ್ಕದ ಮನೆಗಳ ಗದ್ದಲ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ ತಾನೇ, ಬೀದಿಯವರೆಲ್ಲ ಅದರಲ್ಲೇ ಇರುತ್ತಾರೆ. ಜೋರು ಮಳೆಯ ಆಟಿ ತಿಂಗಳಲ್ಲಿ ಪಡು ಬದಿಯ ಗೋಡೆ ನೀರು ಕುಡಿದು ಒದ್ದೆಯಾಗಿರುವಾಗ ಇನ್ನೂ ಕಷ್ಟ. ರೇಡಿಯೋ ಅಲೆಗಳನ್ನು ನೀರು ಚೆನ್ನಾಗಿಯೇ ಹೀರಿಕೊಳ್ಳುತ್ತದೆ.

ಮೊದಲಿದ್ದ ಕಂಪನಿ ಟಿವಿ, ಇಂಟರ್ನೆಟ್ ಎರಡನ್ನೂ ಒಟ್ಟಿಗೆ ಕೊಡುತ್ತಿತ್ತು. ಅವರ ಟಿವಿ ಬಾಕ್ಸ್‌ಗಳೇ ಕೋಣೆ ಕೋಣೆಗೆ ವೈಫೈ ಹಂಚುತ್ತಿದ್ದವು. ಆ ಕನೆಕ್ಷನ್ ಬಿಟ್ಟ ದಿನವೇ ಬಾಕ್ಸ್‌ಗಳೂ ನಿಂತವು. ಅವು ಆ ಕಂಪನಿಯ ಸರ್ವರ್ ಜೊತೆ ಮಾತಾಡಿದ ಮೇಲೆಯೇ ಕೆಲಸ ಶುರು ಮಾಡುವಂಥವು. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಬ್ರಿಟನ್‌ನಲ್ಲಿ ಸ್ಕೈ ಎಂಬ ಟಿವಿ ಕಂಪನಿ 2016ರಲ್ಲಿ ತಂದ ಸ್ಕೈ ಕ್ಯೂ ವ್ಯವಸ್ಥೆಯಲ್ಲಿ ಬೇರೆ ಕೋಣೆಗಳ ಟಿವಿಗೆ ಚಿಕ್ಕ ಮಿನಿ ಬಾಕ್ಸ್‌ಗಳುಂಟು. ಅವು ವೈಫೈ ಹಾಟ್‌ಸ್ಪಾಟ್ ಕೂಡ ಆಗುತ್ತವೆ, ಅಂದರೆ ತಾವೇ ಸುತ್ತಲೂ ವೈಫೈ ಹರಡುತ್ತವೆ, ಆದರೆ ಸ್ಕೈ ಬ್ರಾಡ್‌ಬ್ಯಾಂಡ್ ಇದ್ದರೆ ಮಾತ್ರ. ಬೇರೆ ಕಂಪನಿಯ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡರೆ ಟಿವಿ ಓಡುತ್ತದೆ, ಹಾಟ್‌ಸ್ಪಾಟ್ ಸಿಗುವುದಿಲ್ಲ. ಕಂಪನಿ ಕೊಟ್ಟ ಬಾಕ್ಸನ್ನು ನಂಬಿ ಮನೆಯ ವೈಫೈ ಕಟ್ಟಿದರೆ, ಕಂಪನಿ ಬಿಡುವ ದಿನ ಎಲ್ಲ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಹಾಗಾಗಿ ಈ ಸಲ ಫೈಬರ್ ಮೋಡೆಮ್ ಒಂದನ್ನು ಬಿಟ್ಟು ಬೇರೆ ಯಾವುದನ್ನೂ ಕಂಪನಿಯಿಂದ ತೆಗೆದುಕೊಳ್ಳಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಹಳೆ ಕೇಬಲ್ ಟಿವಿಯ ಪೈಪ್. ಹಾಲ್‌ನಿಂದ ಮಹಡಿಯವರೆಗೆ ಗೋಡೆಯೊಳಗಿನ ಪೈಪಿನಲ್ಲಿ ಕಪ್ಪು ಕೇಬಲ್ ವೈರ್ ಸುಮ್ನೆ ಬಿದ್ದಿತ್ತು. ಇಲೆಕ್ಟ್ರಿಷಿಯನ್ ಅದರ ತುದಿಗೆ ಹೊಸ ಕ್ಯಾಟ್ 6 ವೈರ್ (ಇಂಟರ್ನೆಟ್ ಸಾಗಿಸುವ ಲ್ಯಾನ್ ವೈರ್) ಕಟ್ಟಿ, ಇನ್ನೊಂದು ತುದಿಯಿಂದ ಮೆಲ್ಲ ಎಳೆದರು. ಗೋಡೆ ಒಡೆಯಲಿಲ್ಲ, ಬಣ್ಣ ಹಾಳಾಗಲಿಲ್ಲ. ಲ್ಯಾನ್ ವೈರ್ 100 ಮೀಟರ್‌ವರೆಗೆ ಸರಿಯಾಗಿ ಕೆಲಸ ಮಾಡುತ್ತದೆ, ಮನೆಗೆ ಅಷ್ಟು ಧಾರಾಳ ಸಾಕು. ನಿಮ್ಮ ಮನೆಯಲ್ಲೂ ಇಂಥ ಹಳೆ ವೈರ್ ಇದ್ದರೆ ದಯವಿಟ್ಟು ಎಳೆದು ಬಿಸಾಡಬೇಡಿ. ನಾಳೆ ಇನ್ನೊಂದು ಕಂಪನಿ ಬಂದರೂ ಈ ವೈರ್ ನಮ್ಮದೇ, ಅಲ್ವಾ?

ಬಾಕ್ಸ್ ತಂದದ್ದು ಹಂಪನಕಟ್ಟೆಯ ಅಂಗಡಿಯಿಂದ. ಸಾಧಾರಣ ಆಂಡ್ರಾಯ್ಡ್ ಟಿವಿ ಬಾಕ್ಸ್, ಹಿಂದೆ ಲ್ಯಾನ್ ಪೋರ್ಟ್ ಉಂಟು. ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಎಂಬ ಆಯ್ಕೆ ಉಂಟು. ಮೋಡೆಮ್‌ನಿಂದ ಬಂದ ವೈರ್ ಚುಚ್ಚಿ, ಹಾಟ್‌ಸ್ಪಾಟ್ ಆನ್ ಮಾಡಿದರೆ ಕೋಣೆ ತುಂಬ ವೈಫೈ. ವೈರ್ ಇಲ್ಲದೆ, ಕೆಳಗಿನ ವೈಫೈಯನ್ನೇ ಹಿಡಿದು ಮೇಲೆ ಹರಡಬಹುದಲ್ಲ ಎಂದು ಹಲವರು ಕೇಳುತ್ತಾರೆ. ಇಂಥ ಎಷ್ಟೋ ಬಾಕ್ಸ್‌ಗಳಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿದ ಕೂಡಲೇ ಬಾಕ್ಸ್ ಹಿಡಿದುಕೊಂಡಿದ್ದ ವೈಫೈ ತಪ್ಪಿಹೋಗುತ್ತದೆ. ಎರಡನ್ನೂ ಮಾಡುವ ಬಾಕ್ಸ್ ಸಿಕ್ಕಿದರೂ, ಒಂದೇ ರೇಡಿಯೋ ಕೇಳುವುದು ಹೇಳುವುದು ಎರಡನ್ನೂ ಮಾಡಬೇಕಾದ್ದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ.

ವೇಗದ ಬಗ್ಗೆ ನನಗೆ ದೂರಿಲ್ಲ. ನಮ್ಮ ಪ್ಲಾನ್ 200 ಎಂಬಿಪಿಎಸ್. ಮಹಡಿಯಲ್ಲಿ 80ರಿಂದ 90 ಸಿಗುತ್ತದೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಯಾಕೆಂದರೆ ಬಾಕ್ಸಿನ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದು. ನೆಟ್‌ಫ್ಲಿಕ್ಸ್ 4ಕೆ ನೋಡಲು ಕೇಳುವುದೇ 15. ಮಗಳ ಆನ್‌ಲೈನ್ ಕ್ಲಾಸು, ನನ್ನ ಆಫೀಸ್ ಮೀಟಿಂಗ್, ಅಮ್ಮನ ಯಕ್ಷಗಾನ ಒಂದೇ ಹೊತ್ತಿಗೆ ನಡೆದರೂ ತೊಂದರೆ ಆಗಿಲ್ಲ. ಮೇಳಗಳು ತಿರುಗಾಟದಲ್ಲಿರುವ ತಿಂಗಳುಗಳಲ್ಲಿ, ಅಂದರೆ ಮೇ ಕೊನೆಯ ಪತ್ತನಾಜೆವರೆಗೆ, ಅಮ್ಮ ಮೇಲಿನ ಕೋಣೆಯಲ್ಲಿ ಕೂತು ಯೂಟ್ಯೂಬ್‌ನಲ್ಲಿ ಲೈವ್ ಆಟ ನೋಡುತ್ತಾರೆ. ಮಂಡಿನೋವಿನಿಂದ ಬಯಲಾಟಕ್ಕೆ ಹೋಗಿ ಕೂರಲು ಅವರಿಗೆ ಈಗ ಆಗುವುದಿಲ್ಲ. ಭಾಗವತರ ಪದ ನಡುವೆ ಕಡಿಯದೆ ಬರುವುದು ನಮ್ಮ ಮನೆಯಲ್ಲಿ ದೊಡ್ಡ ವಿಷಯ. ಬಾಕ್ಸಿಗೆ ಕೊಟ್ಟ ಹಣ ಅದಕ್ಕೇ ಸಾರ್ಥಕ ಎಂದು ನನಗೆ ಅನ್ನಿಸುತ್ತದೆ.

ಇನ್ನು ತೊಂದರೆಗಳು. ಮೊದಲನೆಯದು ಕರೆಂಟ್. ಮಳೆಗಾಲದಲ್ಲಿ ಮೆಸ್ಕಾಂ ಲೈನ್ ಮೇಲೆ ಮರದ ಕೊಂಬೆ ಬೀಳುವುದು ಮಾಮೂಲು. ಕರೆಂಟ್ ಹೋಗಿ ಬಂದರೆ ಮೋಡೆಮ್ ತಾನಾಗಿ ಏಳುತ್ತದೆ. ಬಾಕ್ಸ್ ಕೂಡ ಏಳುತ್ತದೆ, ಆದರೆ ಅದರ ಹಾಟ್‌ಸ್ಪಾಟ್ ಏಳುವುದಿಲ್ಲ. ಟಿವಿ ಹಾಕಿ, ರಿಮೋಟ್ ಹಿಡಿದು, ಸೆಟ್ಟಿಂಗ್ಸ್‌ಗೆ ಹೋಗಿ ಮತ್ತೆ ಆನ್ ಮಾಡಬೇಕು. ಅಮ್ಮನಿಗೆ ಇದು ಕಷ್ಟ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗಂತೂ ತುಂಬಾ ಕಷ್ಟ. ಮಹಡಿಯ ಟಿವಿ ಪಾಯಿಂಟನ್ನು ಇನ್ವರ್ಟರ್ ಲೈನಿಗೆ ಸೇರಿಸಿದ ಮೇಲೆ ಇದು ಬಹಳ ಕಡಿಮೆ ಆಯಿತು. ಇದರ ಜೊತೆಗೆ ಇನ್ನೊಂದು ಸೆಟ್ಟಿಂಗ್ ನೋಡಿಕೊಳ್ಳಿ. ಯಾವ ಫೋನೂ ಸೇರಿರದಿದ್ದರೆ ಹಾಟ್‌ಸ್ಪಾಟ್ ತಾನೇ ಆಫ್ ಆಗುವ ಆಯ್ಕೆಯೊಂದು ಉಂಟು. ಅದನ್ನು ತೆಗೆಯದಿದ್ದರೆ ದಿನಾ ಬೆಳಿಗ್ಗೆ ವೈಫೈ ಇರುವುದಿಲ್ಲ.

ಎರಡನೆಯದು ನಮ್ಮ ಅಭ್ಯಾಸ. ಮಲಗುವ ಮುಂಚೆ ಟಿವಿಯ ಮೇನ್ ಸ್ವಿಚ್ ಆಫ್ ಮಾಡುವುದು ಈ ಊರಿನ ಹೆಚ್ಚಿನ ಮನೆಗಳಲ್ಲಿ ಉಂಟು, ಅದು ಒಳ್ಳೆಯದೇ. ಆದರೆ ಬಾಕ್ಸ್ ಅದೇ ಸ್ವಿಚ್ಚಿನಲ್ಲಿದ್ದರೆ ಮಹಡಿಯ ವೈಫೈ ಕೂಡ ಹೋಯಿತು. ಬಾಕ್ಸಿಗೆ ಬೇರೆ ಪ್ಲಗ್ ಕೊಡಿಸಿ.

ಮೂರನೆಯದು ಸ್ವಲ್ಪ ತಾಂತ್ರಿಕ, ಆದರೆ ದಿನಾ ಕಾಡುವಂಥದ್ದು. ಹಾಟ್‌ಸ್ಪಾಟ್ ಆದ ಬಾಕ್ಸ್ ತನ್ನದೇ ಒಂದು ಪುಟ್ಟ ನೆಟ್‌ವರ್ಕ್ ಮಾಡಿಕೊಳ್ಳುತ್ತದೆ. ವಾಟ್ಸಾಪ್ ಕಾಲ್‌ನಲ್ಲಿ ಮಾತಾಡುತ್ತಾ ಮೆಟ್ಟಿಲು ಇಳಿದರೆ ಫೋನಿಗೆ ಹೊಸ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಸಿಕ್ಕಿ, ಮಾತು ಒಂದು ಕ್ಷಣ ಕಡಿಯುತ್ತದೆ. ಕೆಳಗಿನ ಪ್ರಿಂಟರ್ ಮೇಲಿನ ಲ್ಯಾಪ್‌ಟಾಪಿಗೆ ತಾನಾಗಿ ಕಾಣಿಸುವುದಿಲ್ಲ. ಪ್ರಿಂಟರಿನ ಐಪಿ ವಿಳಾಸವನ್ನು ಕೈಯಲ್ಲಿ ಟೈಪ್ ಮಾಡಿ ಸೇರಿಸಿದರೆ ಪ್ರಿಂಟ್ ಬರುತ್ತದೆ.

ಸಿಡಿಲಿನ ಬಗ್ಗೆ ಹೇಳಲೇಬೇಕು. ಏಪ್ರಿಲ್, ಮೇ ತಿಂಗಳ ಸಂಜೆಯ ಸಿಡಿಲು, ಆಮೇಲೆ ಅಕ್ಟೋಬರ್‌ನದ್ದು, ನಮ್ಮ ಕರಾವಳಿಯಲ್ಲಿ ಸಣ್ಣದಲ್ಲ. ಫೈಬರ್ ಎಂದರೆ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕಂಬದಿಂದ ಬರುವ ಫೈಬರ್ ಕೇಬಲ್‌ಗಳಲ್ಲಿ ಬಲಕ್ಕೆಂದು ಸ್ಟೀಲ್ ತಂತಿಯೂ ಇರುವುದುಂಟು. ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ. ಲ್ಯಾನ್ ವೈರ್ ತಾಮ್ರ. ಅದನ್ನು ಹೊರಗಿನ ಗೋಡೆ ಮೇಲೆ ಎಳೆಸಬೇಡಿ. ಖರ್ಚು ಕಡಿಮೆ ಎಂದು ಹೊರಗೆ ಎಳೆಯುವವರು ತುಂಬಾ ಜನ ಇದ್ದಾರೆ. ಸಿಡಿಲು ಹತ್ತಿರ ಬಿದ್ದರೆ ಆ ತಾಮ್ರದ ಮೂಲಕ ಎರಡೂ ಬದಿಯ ಪೋರ್ಟ್ ಸುಟ್ಟುಹೋಗಬಹುದು. ಗುಡುಗು ಶುರುವಾದರೆ ನಾವು ಎಲ್ಲ ಪ್ಲಗ್, ಲ್ಯಾನ್ ವೈರ್ ತೆಗೆದುಬಿಡುತ್ತೇವೆ. ಆಮೇಲೆ ರಿಮೋಟ್ ಹಿಡಿದು ಹಾಟ್‌ಸ್ಪಾಟ್ ಆನ್ ಮಾಡುವ ಕೆಲಸ ಇದ್ದದ್ದೇ.

ಕಂಪನಿ ಬದಲಾಯಿಸುವವರು ಇದೊಂದನ್ನು ಮರೆಯಬೇಡಿ. ಹೊಸ ಮೋಡೆಮ್ ಬಂದ ದಿನವೇ ಅದಕ್ಕೆ ಹಳೆ ವೈಫೈ ಹೆಸರು, ಹಳೆ ಪಾಸ್‌ವರ್ಡ್ ಇಡಿ. ದೊಡ್ಡಕ್ಷರ ಚಿಕ್ಕಕ್ಷರ ಕೂಡ ಹಾಗೆಯೇ ಇರಲಿ. ಫೋನು, ಕ್ಯಾಮೆರಾ, ಟಿವಿ ಎಲ್ಲ ತಾವಾಗಿ ಸೇರಿಕೊಳ್ಳುತ್ತವೆ. ಬಾಕ್ಸಿಗೂ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೆ ಅಮ್ಮನಂಥವರಿಗೆ ಮೇಲೆ ಕೆಳಗೆ ಎಂಬ ಯೋಚನೆಯೇ ಬೇಡ. ಮೋಡೆಮ್ ಇಡುವ ಜಾಗವನ್ನೂ ನೀವೇ ಹೇಳಿ. ಕೆಲಸದವರು ಬೇಗ ಮುಗಿಯಲಿ ಎಂದು ಸಿಟ್‌ಔಟ್‌ನಲ್ಲೇ ಮೊಳೆ ಹೊಡೆಯಲು ನೋಡುತ್ತಾರೆ. ಫೈಬರನ್ನು ಜೋರಾಗಿ ಬಗ್ಗಿಸದಿದ್ದರೆ ಹಾಲ್ ನಡುವಿನವರೆಗೆ ತರಲು ಏನೂ ಕಷ್ಟವಿಲ್ಲ.

ಬಾಕ್ಸಿಗೆ ಸುಮಾರು 3,000 ರೂಪಾಯಿ ಆಯಿತು. ಮಹಡಿಗೆ ಟಿವಿ ಬಾಕ್ಸ್ ಹೇಗೂ ಬೇಕಿತ್ತು, ಹಾಗಾಗಿ ನಮಗೆ ಸರಿಹೋಯಿತು. ಬರೀ ವೈಫೈಗಾಗಿ ಆದರೆ ಇದನ್ನು ಕೊಳ್ಳಬೇಡಿ. ಅದಕ್ಕಿಂತ ಕಡಿಮೆಗೆ ಒಂದು ಸಾದಾ ರೂಟರ್ ಸಿಗುತ್ತದೆ. ಅದೇ ವೈರಿಗೆ ಅದನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ಮೋಡೆಮ್‌ನ ನೆಟ್‌ವರ್ಕನ್ನೇ ವೈಫೈಯಾಗಿ ಹರಡುವಂತೆ ಹಾಕಿದರೆ ಕರೆಂಟ್ ಬಂದಾಗ ತಾನಾಗಿ ಏಳುತ್ತದೆ, ಬೇರೆ ನೆಟ್‌ವರ್ಕ್ ಮಾಡುವುದಿಲ್ಲ, ಪ್ರಿಂಟರ್ ಕೂಡ ಕಾಣಿಸುತ್ತದೆ.

ಬಾಕ್ಸೇ ಬೇಕೆಂದಿದ್ದರೆ ಅಂಗಡಿಯಲ್ಲೇ ಟಿವಿಗೆ ಚುಚ್ಚಿ ತೋರಿಸಲು ಹೇಳಿ. ಲ್ಯಾನ್ ಪೋರ್ಟ್ ಇದೆಯಾ, ವೈರ್ ಹಾಕಿದಾಗ ಹಾಟ್‌ಸ್ಪಾಟ್ ಆನ್ ಆಗುತ್ತದಾ, 5 ಗಿಗಾಹರ್ಟ್ಸ್‌ನಲ್ಲೂ ಕೊಡುತ್ತದಾ ನೋಡಿ. ದೊಡ್ಡ ಬ್ರ್ಯಾಂಡ್‌ನ ಎಷ್ಟೋ ಬಾಕ್ಸ್‌ಗಳಲ್ಲಿ ಹಾಟ್‌ಸ್ಪಾಟ್ ಆಯ್ಕೆಯೇ ಇರುವುದಿಲ್ಲ. ಕೊನೆಗೆ ಪ್ಲಗ್ ಕಿತ್ತು ಮತ್ತೆ ಹಾಕಿಸಿ, ಹಾಟ್‌ಸ್ಪಾಟ್ ತಾನಾಗಿ ಬರುತ್ತದಾ ನೋಡಿ. ಬಂದರೆ ಅದೇ ಬಾಕ್ಸ್ ತೆಗೆದುಕೊಳ್ಳಿ, ಸ್ವಲ್ಪ ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ.