ಔಟ್‌ಬೋರ್ಡ್‌ಗೆ ಯಾವ ಟೂ ಸ್ಟ್ರೋಕ್ ಆಯಿಲ್? ನಾಲ್ಕು ಥರದ್ದು ಹಾಕಿ ಓಡ್ಸಿ ನೋಡಿದ್ದು

ಔಟ್‌ಬೋರ್ಡ್ ಅಂದ್ರೆ ಬೋಟಿನ ಹಿಂದೆ ನೇತುಹಾಕೋ ಇಂಜಿನ್, ಟೂ ಸ್ಟ್ರೋಕ್ ಆದ್ರೆ ಆಯಿಲ್ಲೂ ಪೆಟ್ರೋಲ್ ಜೊತೆಗೇ ಉರಿಯತ್ತೆ. ಮೊದ್ಲೇ ಹೇಳ್ಬಿಡ್ತೀನಿ, ಸ್ಪೀಡ್ ಜಾಸ್ತಿ ಆಗ್ಲಿ ಅಂತ ಆಯಿಲ್ ಹುಡುಕ್ತಿದ್ರೆ ಆ ಆಸೆ ಬಿಟ್ಬಿಡಿ. ನಾಲ್ಕು ಥರದ ಆಯಿಲ್ ಹಾಕಿ, ಅದೇ ಬೋಟು, ಅದೇ ಪ್ರೊಪೆಲರ್, ಜಿಪಿಎಸ್ ಇಟ್ಕೊಂಡು ಓಡ್ಸಿ ನೋಡ್ದೆ, ಗಾಳಿ ಒಂಚೂರು ದಿಕ್ಕು ಬದಲಾಯ್ಸಿದ್ರೆ ಆಗೋ ವ್ಯತ್ಯಾಸದಷ್ಟೂ ಕಾಣ್ಲಿಲ್ಲ. ವ್ಯತ್ಯಾಸ ಇರೋದೆಲ್ಲ ಒಳಗಡೆ, ಪಿಸ್ಟನ್ ಸುತ್ತ ಇರೋ ರಿಂಗ್ ಹತ್ರ, ಪ್ಲಗ್ ತುದೀಲಿ, ಕ್ರ್ಯಾಂಕ್ ಬೇರಿಂಗ್ ಮೇಲೆ. ಅದನ್ನ ಬಿಚ್ಚಿ ನೋಡಿದ್ರೆ ಮಾತ್ರ ಗೊತ್ತಾಗತ್ತೆ.

ನನ್ನದು ಮೂರು ಸಿಲಿಂಡರಿನ ಕಾರ್ಬುರೇಟರ್ ಇಂಜಿನ್, ಹೆಡ್ ಫೇಸಿಂಗ್ ಮಾಡ್ಸಿ (ಸಿಲಿಂಡರ್ ಹೆಡ್ ಸ್ವಲ್ಪ ಸವೆಸಿ) ಕಂಪ್ರೆಷನ್ ಏರ್ಸಿದೀನಿ, ಗಾಳಿ-ಪೆಟ್ರೋಲ್ ಒಳಗೆ ಬಿಡೋ ರೀಡ್ ವಾಲ್ವ್ ಬದಲಾಯ್ಸಿದೀನಿ, ಫುಲ್ ಥ್ರಾಟಲ್‌ನಲ್ಲಿ 6,200 ಆರ್‌ಪಿಎಂ ಹತ್ರ ಹೋಗತ್ತೆ. ಆಯಿಲ್ ಪಂಪ್ ತೆಗೆದುಹಾಕಿ ಪೆಟ್ರೋಲ್‌ಗೇ ಬೆರೆಸ್ತೀನಿ. ಒಂದೊಂದು ಆಯಿಲ್‌ನಲ್ಲೂ (ಮಧ್ಯದಲ್ಲೇ ನಿಲ್ಲಿಸಿದ ಒಂದನ್ನ ಬಿಟ್ಟು) ಸುಮಾರು 30 ಗಂಟೆ ಓಡ್ಸಿದ್ದು, ಮಧ್ಯೆ ಪ್ರತಿ ಸಲ ಕಾರ್ಬನ್ ಕ್ಲೀನ್ ಮಾಡಿ, ಹೊಸ ಪ್ಲಗ್ ಹಾಕಿ ಶುರು ಮಾಡಿದ್ದು.

ನೋಡೋದು ಹೇಗೆ ಅಂದ್ರೆ, ಎಕ್ಸಾಸ್ಟ್ ಕವರ್ ಬಿಚ್ಚಿದ್ರೆ ಪೋರ್ಟ್ ಒಳಗೆ ಪಿಸ್ಟನ್ ಮೈ, ರಿಂಗು ನೇರವಾಗಿ ಕಾಣತ್ತೆ. ಪ್ಲಗ್ ತೆಗ್ದು ಫ್ಲೈವೀಲ್‌ನ ಕೈಯಲ್ಲೇ ತಿರುಗ್ಸಿ ರಿಂಗ್‌ನ ಪೋರ್ಟ್ ಮಧ್ಯಕ್ಕೆ ತಂದು, ಮೊಂಡಾಗಿರೋ ಬಿದಿರು ಕಡ್ಡೀಲಿ ಮೆಲ್ಲಗೆ ಒತ್ತಬೇಕು. ಒಳಗೆ ಹೋಗಿ ಟಪ್ ಅಂತ ವಾಪಸ್ ಬಂದ್ರೆ ರಿಂಗ್ ಆರೋಗ್ಯವಾಗಿದೆ ಅಂತ. ನಿಧಾನಕ್ಕೆ ಬಂದ್ರೆ ಗ್ರೂವ್‌ನಲ್ಲಿ ಅಂಟು ಶುರುವಾಗಿದೆ. ಅಲ್ಲಾಡ್ಲೇ ಇಲ್ಲ ಅಂದ್ರೆ ಬೋಟ್ ನೀರಿಗೆ ಇಳಿಸ್ಲೇಬೇಡಿ. ಔಟ್‌ಬೋರ್ಡ್ ಸಾಯೋದು ಬಹಳ ಸಲ ಆಯಿಲ್ ಕಮ್ಮಿ ಆಗಿ ಅಲ್ಲ, ರಿಂಗ್ ಅಂಟ್ಕೊಂಡು ಬಿಸಿ ಗ್ಯಾಸ್ ಪಕ್ಕದಿಂದ ಕೆಳಗೆ ಇಳಿದು ಪಿಸ್ಟನ್ ಸುಟ್ಟು.

ಮಾಮೂಲಿ ಮಿನರಲ್ ಟಿಸಿ-ಡಬ್ಲ್ಯೂ3 ಇಂದ ಶುರು ಮಾಡ್ದೆ. ಟಿಸಿ-ಡಬ್ಲ್ಯೂ ಅಂದ್ರೆ ಟೂ ಸೈಕಲ್ ವಾಟರ್ ಕೂಲ್ಡ್, ಅಮೆರಿಕದ ಬೋಟ್ ತಯಾರಕರ ಸಂಘ ಎನ್‌ಎಂಎಂಎ ಕೊಡೋ ಸರ್ಟಿಫಿಕೇಟ್. 30 ಗಂಟೆ ಆದ್ಮೇಲೆ ಪಿಸ್ಟನ್ ತಲೆ ಮೇಲೆ ಮೆತ್ತನೆ ಕಪ್ಪು ಮಸಿ, ಉಗುರಲ್ಲಿ ಕೆರೆದ್ರೆ ಬರೋ ಥರದ್ದು, ಮೂರನೇ ಸಿಲಿಂಡರಿನ ಮೇಲಿನ ರಿಂಗ್ ಸ್ವಲ್ಪ ಸೋಮಾರಿ. ಸ್ಟಾರ್ಟ್ ಮಾಡ್ದಾಗ ಹೊಗೆ ಜಾಸ್ತಿ. ಬೋರ್, ಅಂದ್ರೆ ಸಿಲಿಂಡರಿನ ಒಳಗೋಡೆ, ಮಾತ್ರ ಕನ್ನಡಿ ಥರ ಇತ್ತು, ಒಂದು ಗೀರೂ ಇಲ್ಲ. ಹೈ ಆರ್‌ಪಿಎಂ ಓಡ್ಸದೇ ಇರೋರಿಗೆ ಇದು ಸಾಕೇ ಸಾಕು ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಎರಡನೇದು ಬೈಕಿಗೆ ಹಾಕೋ ಫುಲ್ ಸಿಂಥೆಟಿಕ್, ಜಪಾನಿನ ವಾಹನ ಮಾನದಂಡ ಸಂಸ್ಥೆ ಜಾಸೊದ ಎಫ್‌ಡಿ ರೇಟಿಂಗ್ ಇರೋದು. ಇದ್ರ ಮೇಲೆ ನಂಗೆ ತುಂಬಾ ಭರವಸೆ ಇತ್ತು, ಯಾಕಂದ್ರೆ ಜಾಸೊದಲ್ಲಿ ಎಫ್‌ಡಿ ಅಂದ್ರೆ ಕ್ಲೀನಿಂಗ್‌ನಲ್ಲಿ ಮೇಲಿನ ದರ್ಜೆ, ರೇಸ್ ಬೈಕ್ ತಡ್ಕೊಳ್ಳೋದನ್ನ ನನ್ನ ಇಂಜಿನ್ ತಡ್ಕೊಳ್ಳಲ್ವಾ ಅಂತ. 12 ಗಂಟೆಗೇ ನಿಲ್ಲಿಸ್ದೆ. ಎರಡನೇ ಸಿಲಿಂಡರ್ ಮಿಸ್ ಹೊಡೀತು ಅಂತ ಪ್ಲಗ್ ಬಿಚ್ಚಿದ್ರೆ ಎಲೆಕ್ಟ್ರೋಡ್ ಮಧ್ಯೆ ಕೂದಲೆಳೆಯಷ್ಟು ತೆಳ್ಳಗಿರೋ ಬಿಳಿ ಸೇತುವೆ ಕಟ್ಕೊಂಡಿತ್ತು, ಬೆರಳಲ್ಲಿ ಮುಟ್ಟಿದ್ರೆ ಪುಡಿ, ಬರೀ ಬೂದಿ.

ಇದು ಆಯಿಲ್ ಕೆಟ್ಟದ್ದು ಅಂತ ಅಲ್ಲ, ಜಾಗ ತಪ್ಪು. ಗಾಳಿಯಲ್ಲಿ ತಣ್ಣಗಾಗೋ ಇಂಜಿನ್ನಿನ ಸಿಲಿಂಡರ್ ಸಿಕ್ಕಾಪಟ್ಟೆ ಬಿಸಿ, ಆ ಬಿಸೀಲಿ ಕೆಲ್ಸ ಮಾಡೋಕೆ ಕ್ಯಾಲ್ಸಿಯಂ ಥರದ ಲೋಹದ ಡಿಟರ್ಜೆಂಟ್ ಹಾಕಿರ್ತಾರೆ, ಅದು ಉರಿದ್ರೆ ಬೂದಿ ಉಳಿಯತ್ತೆ. ಔಟ್‌ಬೋರ್ಡ್‌ಗೆ ಹೊರಗಿನ ತಣ್ಣೀರು ಸದಾ ಹರೀತಿರತ್ತೆ, ಥರ್ಮೋಸ್ಟ್ಯಾಟ್ ಸಾಮಾನ್ಯವಾಗಿ 50ರಿಂದ 60 ಡಿಗ್ರಿ ಆಸುಪಾಸಲ್ಲೇ ತೆರ್ಕೊಳತ್ತೆ, ಅದಕ್ಕೆ ಟಿಸಿ-ಡಬ್ಲ್ಯೂ3 ಆಯಿಲ್‌ನಲ್ಲಿ ಬೂದಿ ಬಿಡದ, ಕಮ್ಮಿ ಬಿಸೀಲೇ ಕೊಳೆ ಬಿಡಿಸೋ ಕೆಮಿಕಲ್ ಇರತ್ತೆ. ಅದ್ರ ಜೊತೆ ಬೈಕ್ ಒಂದೇ ಸಮ ಫುಲ್ ಥ್ರಾಟಲ್‌ನಲ್ಲಿ ಓಡೋದು ಕಮ್ಮಿ, ಬೋಟ್ ಹಾಗಲ್ಲ, ಅರ್ಧ ಗಂಟೆ ಹಿಡಿದ ಥ್ರಾಟಲ್ ಬಿಡಲ್ಲ. ಆ ಬೂದಿ ಪಿಸ್ಟನ್ ತಲೆ ಮೇಲೆ ಕೆಂಡದ ಥರ ಹೊಳೀತಾ ಕೂತ್ರೆ ಸ್ಪಾರ್ಕ್ ಬರೋಕ್ ಮುಂಚೇನೇ ಪೆಟ್ರೋಲ್ ಹೊತ್ಕೊಳತ್ತೆ, ಪಿಸ್ಟನ್ನಿಗೆ ತೂತು ಬೀಳೋಕೆ ಜಾಸ್ತಿ ಹೊತ್ತು ಬೇಡ. ಇನ್ನೊಂದು, ಟಿಸಿ-ಡಬ್ಲ್ಯೂ3 ಪರೀಕ್ಷೇಲಿ ತುಕ್ಕಿನ ಟೆಸ್ಟ್ ಇದೆ, ಜಾಸೊ ನೋಡೋದು ಜಾರುವ ಗುಣ, ಕ್ಲೀನಿಂಗ್, ಹೊಗೆ, ಎಕ್ಸಾಸ್ಟ್ ಕಟ್ಕೊಳ್ಳೋದು ಇಷ್ಟನ್ನ. ಉಪ್ಪುನೀರಲ್ಲಿ ಓಡ್ಸಿ ವಾರಗಟ್ಲೆ ನಿಲ್ಲಿಸೋ ಇಂಜಿನ್ನಿಗೆ ತುಕ್ಕೇ ದೊಡ್ಡ ಶತ್ರು.

ಆಮೇಲೆ ಹರಳೆಣ್ಣೆ ಬೆರೆತ ರೇಸಿಂಗ್ ಆಯಿಲ್. ಇದನ್ನ ಇಷ್ಟಪಡೋರು ಯಾಕೆ ಇಷ್ಟಪಡ್ತಾರೆ ಅಂತ ಓಡ್ಸಿದ್ಮೇಲೆ ಅರ್ಥ ಆಯ್ತು. ಆ ವಾಸನೆ ಒಂದು ಕಡೆ, ಹರಳೆಣ್ಣೆ ಲೋಹದ ಮೇಲೆ ಹಿಡ್ಕೊಳ್ಳೋ ಹಿಡಿತ ನಿಜವಾಗ್ಲೂ ಬೇರೇನೇ, ಬಿಸಿ ಏರಿದ್ರೂ ಬಿಡಲ್ಲ. ಬಿಚ್ಚಿದಾಗ ಬೇರಿಂಗ್ ಮೇಲೆ ದಪ್ಪಗೆ ಎಣ್ಣೆ ಕೂತಿತ್ತು, ಪಿಸ್ಟನ್ ಸ್ಕರ್ಟ್ ಹೊಸದರ ಥರ. ಆದ್ರೆ ರಿಂಗ್ ಗ್ರೂವ್‌ನಲ್ಲಿ ಜೇನಿನ ಬಣ್ಣದ ವಾರ್ನಿಷ್, ಬಿದಿರು ಕಡ್ಡೀಲಿ ಒತ್ತಿದ್ರೆ ಎರಡು ರಿಂಗ್ ವಾಪಸ್ ಬರೋಕೆ ಯೋಚ್ನೆ ಮಾಡ್ತಿತ್ತು. ಒಂದು ತಂಪಾದ ಬೆಳಿಗ್ಗೆ ಹಿಂದಿನ ವಾರ ಬೆರೆಸಿಟ್ಟಿದ್ದ ಕ್ಯಾನ್ ಎತ್ತಿ ನೋಡಿದ್ರೆ ತಳದಲ್ಲಿ ಮಂದಗೆ ಗೆರೆ ಕಟ್ಟಿತ್ತು, ಅಲ್ಲಾಡಿಸ್ದೆ ಹಾಗೇ ಸುರಿದಿದ್ರೆ ಮೊದಲ ಅರ್ಧ ಟ್ಯಾಂಕ್‌ನಲ್ಲಿ ಆಯಿಲ್ಲೇ ಇರ್ತಿರ್ಲಿಲ್ಲ. ಪ್ರತಿ ರೇಸ್ ಆದ್ಮೇಲೆ ಇಂಜಿನ್ ಬಿಚ್ಚೋರಿಗೆ ಇದು ಒಳ್ಳೇದು, ಉಳಿದೋರಿಗೆ ಬೇಡ.

ಕೊನೇಗೆ ಸೆಮಿ ಸಿಂಥೆಟಿಕ್ ಟಿಸಿ-ಡಬ್ಲ್ಯೂ3. 30 ಗಂಟೆ ಆದ್ಮೇಲೆ ಮೂರೂ ಸಿಲಿಂಡರ್‌ನಲ್ಲಿ ಆರೂ ರಿಂಗು ಟಪ್ ಟಪ್ ಅಂತ ವಾಪಸ್ ಬಂತು. ಪ್ಲಗ್ ಕಾಫಿ ಬಣ್ಣ, ಪಿಸ್ಟನ್ ತಲೆ ಮೇಲೆ ಮಸಿ ಇದ್ರೂ ತೆಳ್ಳಗೆ, ಟ್ರಾನ್ಸ್‌ಫರ್ ಪೋರ್ಟ್ ಎದುರಿಗೆ ಪೆಟ್ರೋಲ್ ಬಡಿದು ತೊಳೆದ ಬೆಳ್ಳಗಿನ ಜಾಗ ಸ್ಪಷ್ಟವಾಗಿ ಕಾಣ್ತಿತ್ತು. ಹೊಗೆ ಕಮ್ಮಿ, ಇಂಥ ಆಯಿಲ್‌ಗಳಲ್ಲಿ ಪಾಲಿಐಸೊಬ್ಯೂಟೀನ್ ಅಂತ ಒಂದು ಹಾಕಿರ್ತಾರೆ, ಅದು ಮಸಿ ಬಿಡದೆ ಉರಿಯತ್ತೆ. ಈಗ ನನ್ನ ಟ್ಯಾಂಕಲ್ಲಿರೋದು ಇದೇ.

ಬೆರೆಸೋ ಅಳತೆ ವಿಷ್ಯ ಆಯಿಲ್ ಬ್ರ್ಯಾಂಡಿಗಿಂತ ಮುಖ್ಯ ಅನ್ನೋದು ನನ್ನ ಅನುಭವ. 50:1 ಅಂದ್ರೆ ಲೀಟರ್‌ಗೆ 20 ಎಂಎಲ್, 40:1 ಅಂದ್ರೆ 25, 32:1 ಅಂದ್ರೆ 31 ಚಿಲ್ಲರೆ, 25:1 ಅಂದ್ರೆ 40. ಸ್ಟಾಕ್ ಇಂಜಿನ್ನಿಗೆ ಕಂಪನಿ ಹೇಳಿದ ಅಳತೆ, ಬಹಳಷ್ಟಕ್ಕೆ 50:1, ಹೊಸ ಇಂಜಿನ್ ಪಳಗಿಸುವಾಗ 25:1. ನಾನು 40:1 ಹಾಕ್ತೀನಿ, ಆರ್‌ಪಿಎಂ ಜಾಸ್ತಿ ಇರೋದ್ರಿಂದ. ಆದ್ರೆ ಇಲ್ಲೊಂದು ಮೋಸ ಹೋಗೋ ಜಾಗ ಇದೆ, ಆಯಿಲ್ ಜಾಸ್ತಿ ಹಾಕಿದ್ರೆ ಇಂಜಿನ್ ಸೇಫ್ ಅಂದ್ಕೋತೀವಿ, ಆದ್ರೆ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಬರೋ ಜೆಟ್ ಅದೇ ತೂತು, ಅದ್ರಲ್ಲಿ ಆಯಿಲ್ ಜಾಸ್ತಿ ಹೋದಷ್ಟೂ ಪೆಟ್ರೋಲ್ ಕಮ್ಮಿ. 50:1 ಇಂದ 25:1 ಗೆ ಹೋದ್ರೆ ಪೆಟ್ರೋಲ್ ಪಾಲು ಸುಮಾರು 2% ಇಳಿಯತ್ತೆ, ಅಷ್ಟು ಲೀನ್ ಆಯ್ತು ಅಂತ, ಅಂದ್ರೆ ಗಾಳಿಗೆ ಹೋಲಿಸಿದ್ರೆ ಪೆಟ್ರೋಲ್ ಕಮ್ಮಿ. ಮೊದ್ಲೇ ಅಂಚಲ್ಲಿ ಜೆಟ್ ಮಾಡಿರೋ ಇಂಜಿನ್ನಿಗೆ ಅದು ಸಣ್ಣದಲ್ಲ. ಅಳತೆ ಬದಲಾಯ್ಸಿದ್ರೆ ಪ್ಲಗ್ ಬಿಚ್ಚಿ ಅದ್ರ ಬಣ್ಣ ಓದಿ, ಬೇಕಾದ್ರೆ ಜೆಟ್ ಒಂದು ಸೈಜ್ ಏರ್ಸಿ, ಆಮೇಲೆ ಫುಲ್ ಥ್ರಾಟಲ್ ಕೊಡಿ.

ಇಷ್ಟೂ ಹೇಳಿದ್ದು ಕಾರ್ಬುರೇಟರ್ ಇಂಜಿನ್ನಿಗೆ. ಆಪ್ಟಿಮ್ಯಾಕ್ಸ್, ಎಚ್‌ಪಿಡಿಐ, ಇ-ಟೆಕ್ ಥರದ ಡೈರೆಕ್ಟ್ ಇಂಜೆಕ್ಷನ್ ಟೂ ಸ್ಟ್ರೋಕ್ ಇದ್ರೆ ಲೆಕ್ಕ ಬೇರೆ, ಅದ್ರಲ್ಲಿ ಆಯಿಲ್ ಹೀಗೆ ಪೆಟ್ರೋಲ್ ಜೊತೆ ಪೂರ್ತಿ ಬೆರೆತು ಬರಲ್ಲ, ಹೆಚ್ಚಿನ ಪಾಲು ಬೇರೆ ದಾರೀಲಿ ತುಂಬ ಕಮ್ಮಿ ಪ್ರಮಾಣದಲ್ಲಿ ಕ್ರ್ಯಾಂಕ್‌ಕೇಸ್‌ಗೆ ಹೋಗತ್ತೆ, ಹಾಗಾಗಿ ಆಯಿಲ್ ಗುಣಮಟ್ಟ ಒಂಚೂರು ಇಳಿದ್ರೂ ತಡ್ಕೊಳ್ಳಲ್ಲ. ಇ-ಟೆಕ್‌ನಲ್ಲಂತೂ ಅದೇ ಕಂಪನಿಯ ಎಕ್ಸ್‌ಡಿ100 ಆಯಿಲ್‌ಗೆ ಅಂತ ಇನ್ನೂ ಕಮ್ಮಿ ಆಯಿಲ್ ಕೊಡೋ ಹಾಗೆ ಕಂಪ್ಯೂಟರ್‌ನಲ್ಲಿ ಸೆಟ್ ಮಾಡ್ಬಹುದು. ಸೆಕೆಂಡ್ ಹ್ಯಾಂಡ್ ತಗೊಂಡಿದ್ರೆ ಹಿಂದಿನೋರು ಆ ಸೆಟ್ಟಿಂಗ್ ಇಟ್ಟಿದಾರಾ ಅಂತ ಚೆಕ್ ಮಾಡ್ಸದೆ ಅದ್ರೊಳಗೆ ಮಾಮೂಲಿ ಟಿಸಿ-ಡಬ್ಲ್ಯೂ3 ದಯವಿಟ್ಟು ಸುರೀಬೇಡಿ.